ಕಾಪೆಲ್ಲೆಯ ಶೆಡ್ಡಿನಲ್ಲಿ ಎರಡನೇ ಗಣಪತಿ

ದೇವರ ಕೆಲಸಕ್ಕೆ ಕೈ ಹಾಕಿದರೆ ಎಲ್ಲಿ ವಿಘ್ನ ಬರುತ್ತದೋ ಎಂದು ಹೆದರುವವರಿದ್ದಾರೆ. ನನ್ನ ಅನುಭವದಲ್ಲಿ ವಿಘ್ನಕ್ಕಿಂತ ಮೊದಲು ನಗು ಬರುತ್ತದೆ. ಅದೂ ಒಂದಲ್ಲ, ಮೆಟ್ರೋ ಬಂದ ಹಾಗೆ ಒಂದರ ಹಿಂದೆ ಒಂದು.

ನಾವಿರುವುದು ಹಾಲೆಂಡಿನ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ. ನನ್ನದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಮರಗೆಲಸ ಅಂದರೆ ಪೆನ್ಸಿಲ್ ಚೂಪು ಮಾಡುವಷ್ಟು ಗೊತ್ತು. ಆದರೆ ನನ್ನ ಹೆಂಡತಿಗೆ ಒಂದು ಆಸೆ ಇತ್ತು. ಅವಳ ತವರಿನಲ್ಲಿ ಹಲಸಿನ ಮರದ ಒಂದು ಗಣಪತಿ, ಗೇಣುದ್ದದವನು. ಅವನು ಇದೇ ದೇಶದ ಗ್ರೋನಿಂಗನ್‌ನಲ್ಲಿರುವ ಅವಳ ಅಣ್ಣನ ಪಾಲಿಗೆ ಹೋಗಿದ್ದ. ಪ್ರತಿ ಚೌತಿಗೆ ಇವಳು ಫೋನಿನಲ್ಲೇ ಆರತಿ ನೋಡಿ, "ಅಣ್ಣನಿಗೆ ನಮ್ಮನೆ ಗಣಪತಿ, ನಮಗೆ ಕ್ಯಾಲೆಂಡರಿನ ಗಣಪತಿ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊನೆಗೆ ಒಂದು ವರ್ಷ ಭಾವನೇ ಕರಗಿದರು. "ಬೇಸಿಗೆಗೆ ಕರಕೊಂಡು ಹೋಗಿ. ಚೌತಿಯ ಹಿಂದಿನ ದಿನ ನಾನೇ ಬಂದು ವಾಪಸ್ ಕರಕೊಂಡು ಬರ್ತೇನೆ. ಅಷ್ಟರೊಳಗೆ ಬೇಕಾದರೆ ಇಂಥದ್ದೇ ಒಂದು ಮಾಡಿಸಿಕೊಳ್ಳಿ" ಎಂದರು.

ಇಲ್ಲಿ ಮಾಡಿಸುವುದು ಯಾರ ಹತ್ತಿರ? ನಾನೇ ಮಾಡುತ್ತೇನೆ ಅಂದುಬಿಟ್ಟೆ. ಕೈಯಲ್ಲಿ ಕೆತ್ತಲು ಬರದವನಿಗೆ ಯಂತ್ರವೇ ಗತಿ. ಇಂಟರ್‌ನೆಟ್ಟಿನಲ್ಲಿ ನೋಡಿ ಒಂದು ನಕಲು ಯಂತ್ರ ಕಟ್ಟಲು ಕೂತೆ. ಉಪಾಯ ಸರಳ. ಉದ್ದನೆಯ ಒಂದು ತೋಳು, ಅದಕ್ಕೆ ಎರಡು ಬೆರಳು. ಮೊಂಡು ಬೆರಳು ಅಸಲಿ ಮೂರ್ತಿಯನ್ನು ಸವರುತ್ತಾ ಹೋದರೆ, ಮೋಟಾರಿನಲ್ಲಿ ತಿರುಗುವ ಬ್ಲೇಡಿನ ಬೆರಳು ಪಕ್ಕದ ಮರದ ತುಂಡನ್ನು ಅದೇ ಆಕಾರಕ್ಕೆ ಕೊರೆಯುತ್ತದೆ. ಎರಡೂ ಒಂದೊಂದು ತಿರುಗುವ ಮಣೆಯ ಮೇಲೆ ಕೂತಿರುತ್ತವೆ. ತೋಳಿಗೆ ಹಳೆಸಾಮಾನಿನ ಅಂಗಡಿಯ ಇಸ್ತ್ರಿ ಟೇಬಲ್ಲಿನ ಕಾಲು, ಮಣೆಗಳಿಗೆ ಯಾರೋ ಬಿಸಾಡಿದ ಸೈಕಲ್ಲಿನ ಭಾಗಗಳು. ಉಳಿದದ್ದೆಲ್ಲ ದೇವರ ದಯೆ.

ಮಡಿಯಲ್ಲಿ ಮೆಕ್ಯಾನಿಕ್

ಮೊದಲ ದಿನ ಜೀನ್ಸ್ ಹಾಕಿಕೊಂಡು ಹಿತ್ತಲಿನ ಶೆಡ್ಡಿಗೆ ಹೊರಟೆ. ಬಾಗಿಲಲ್ಲೇ ತಡೆ ಬಿತ್ತು.

"ಎಂತ, ಹೀಗೇ ಹೋಗಿ ದೇವರನ್ನು ಮುಟ್ಟುವುದಾ? ಸ್ನಾನ?"

"ಬೆಳಿಗ್ಗೆ ಆಯ್ತಲ್ಲ ಮಾರಾಯ್ತಿ."

"ಆಮೇಲೆ ಬೇಕರಿಗೆ ಹೋಗಿ ಬಂದಿರಿ."

ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಪುನಃ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ಬರಿಮೈಯಲ್ಲಿ ಜನಿವಾರ, ಹಣೆಗೆ ಗಂಧ ಇಟ್ಟು ಹೊರಟೆ. ಇಂಟರ್ನೆಟ್ಟಿನ ಆ ಪಾಠದಲ್ಲಿ ಸುರಕ್ಷತೆಯ ನಿಯಮಗಳಿದ್ದುವು. ಅವನ್ನೂ ಮೀರುವ ಹಾಗಿಲ್ಲ. ಹಾಗಾಗಿ ಕಣ್ಣಿಗೆ ದೊಡ್ಡ ಕನ್ನಡಕ, ಕಿವಿಗೆ ಕೆಂಪು ಮಫ್, ಮೂಗಿಗೆ ಮಾಸ್ಕ್. ಹಾಲೆಂಡಿನ ಬೇಸಿಗೆ ಅಂದರೆ ಗೊತ್ತಲ್ಲ, ಗಾಳಿಗೆ ಪಂಚೆ ಪಟಪಟ ಹಾರುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು.

ಪಕ್ಕದ ಮನೆಯ ಅಜ್ಜ ಬೇಲಿಯ ಆಚೆ ಟೊಮೆಟೊ ಗಿಡಕ್ಕೆ ನೀರು ಹಾಕುತ್ತಿದ್ದರು. ಒಂಟಿ ಜೀವ, ಬಹಳ ಒಳ್ಳೆಯವರು. ನನ್ನನ್ನು 'ಬುರ್‌ಮನ್' ಎನ್ನುತ್ತಾರೆ. ಡಚ್ಚಿನಲ್ಲಿ ನೆರೆಯವ ಎಂದರ್ಥ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬುರ್‌ಮನ್, ಈಜಲಿಕ್ಕಾ?"

"ಅಲ್ಲ, ಮರಗೆಲಸಕ್ಕೆ."

ಅಜ್ಜ ನೀರಿನ ಡಬ್ಬ ಕೆಳಗಿಟ್ಟರು. ಆಮೇಲೆ, "ಕಿವಿ, ಕಣ್ಣು, ಮೂಗು ಎಲ್ಲ ಭದ್ರವಾಗಿದೆ. ಉಳಿದದ್ದನ್ನು ದೇವರಿಗೆ ಬಿಟ್ಟಿದ್ದೀರಿ ಅಂತ ಕಾಣುತ್ತದೆ" ಎಂದರು.

ಸ್ಕ್ರೂ ಹಾಕುವುದೆಲ್ಲಿ

ಮಣೆ ತಿರುಗುವಾಗ ಮೂರ್ತಿ ಅಲುಗಬಾರದು. ಮರದ ತುಂಡಿಗಾದರೆ ಕೆಳಗಿನಿಂದ ಸ್ಕ್ರೂ ಹೊಡೆದೆ. ಗಣಪತಿಗೆ? ಡ್ರಿಲ್ ಎತ್ತಿಕೊಂಡವನು ಅವನ ಮುಖ ನೋಡಿದೆ. ಆ ಸಣ್ಣ ಕಣ್ಣುಗಳು ನನ್ನ ಕೈಯನ್ನೇ ನೋಡುತ್ತಿವೆ ಅನ್ನಿಸಿತು. ಡ್ರಿಲ್ ಕೆಳಗಿಟ್ಟು ಕೈಮುಗಿದೆ.

ಕೊನೆಗೆ ಸೈಕಲ್ಲಿನ ಹೊಸ ಟ್ಯೂಬ್ ತಂದು, ತೊಳೆದು, ಅವನ ಹೊಟ್ಟೆಗೆ ಸುತ್ತಿ ಮಣೆಗೆ ಬಿಗಿದೆ. ಸವರುತ್ತಾ ಹೋದ ಹಾಗೆ ಅದನ್ನು ಮೇಲೆ ಕೆಳಗೆ ಸರಿಸಿದರಾಯಿತು. ಅದೂ ಅಪಚಾರವೇನೋ ಎಂಬ ಅಳುಕಿನಿಂದ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನೋಡಿ, ಗಲ್ಲಕ್ಕೆ ಬಡಿದುಕೊಂಡು ನಮಸ್ಕಾರ ಮಾಡಿದಳು.

"ಪರವಾಗಿಲ್ವಾ?" ಎಂದೆ.

"ಹೊಟ್ಟೆಗೆ ಹಾವನ್ನೇ ಸುತ್ತಿಕೊಂಡವನಿಗೆ ಟ್ಯೂಬ್ ಯಾವ ಲೆಕ್ಕ! ಗಾಳಿ ಮಾತ್ರ ತುಂಬಿಸಬೇಡಿ."

ಸೊಂಡಿಲು ಎತ್ತ ತಿರುಗಿತು

ಎರಡು ಮಣೆಗಳೂ ಒಟ್ಟಿಗೆ ತಿರುಗಬೇಕಲ್ಲ, ಅದಕ್ಕೆ ಅವುಗಳ ನಡುವೆ ಹಗ್ಗ ಸುತ್ತಿದ್ದೆ. ನೇರ ಸುತ್ತಿದರೆ ಜಾರುತ್ತದೆ ಎಂದು ನಡುವಿನಲ್ಲಿ ಇಂಗ್ಲಿಷಿನ ಎಂಟರ ಹಾಗೆ ಒಂದು ತಿರುವು ಹಾಕಿದೆ. ಆಮೇಲೆ ಹಗ್ಗ ಜಾರಲೇ ಇಲ್ಲ. ವಾರಗಟ್ಟಲೆ ಪ್ರತಿ ಸಂಜೆ ಸವರಿದೆ. ಕಿವಿ ಬಂತು, ಹೊಟ್ಟೆ ಬಂತು, ಮಡಿಲಿನ ಮೋದಕ ಬಂತು. ಕಣ್ಣಲ್ಲಿ ನೀರು ತುಂಬಿ, ಹೊಸ ಮೂರ್ತಿಯನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋದೆ.

ಹೆಂಡತಿ ಆರತಿ ಹಚ್ಚಿದವಳು ಹಾಗೇ ನಿಂತಳು. "ಇದು ಬಲಮುರಿ!"

ನೋಡಿದೆ. ಅಸಲಿಯ ಸೊಂಡಿಲು ಎಡಕ್ಕೆ, ಇವನದ್ದು ಬಲಕ್ಕೆ. ತಿರುವು ಹಾಕಿದ ಹಗ್ಗದಿಂದ ಒಂದು ಮಣೆ ಅತ್ತ ತಿರುಗಿದರೆ ಇನ್ನೊಂದು ಇತ್ತ ತಿರುಗಿದೆ. ಕನ್ನಡಿಯಲ್ಲಿ ನೋಡಿದ ಗಣಪತಿ ಹೊರಗೆ ಬಂದಿದ್ದಾನೆ!

ಎಡಮುರಿ ಗಣಪತಿ ಸೌಮ್ಯ, ಭಕ್ತಿಯಿಂದ ಕೊಟ್ಟದ್ದು ಸಾಕು. ಬಲಮುರಿ ಹಾಗಲ್ಲ. ಅವನಿಗೆ ನೇಮ, ನಿಷ್ಠೆ, ಹೊತ್ತು ಎಲ್ಲ ಸರಿಯಾಗಬೇಕು. "ಆಫೀಸಿಗೆ ಹೋಗುವ ಮನೆಯಲ್ಲಿ ಸಾಧ್ಯ ಉಂಟಾ?" ಎಂದಳು. ಎಸೆಯುವುದಂತೂ ಆಗದ ಮಾತು.

ವಿಷಯ ಕೇಳಿ ಅಜ್ಜ ಬಂದು ನೋಡಿದರು. ಅವರಿಗೆ ಮೂರ್ತಿ ಬಹಳ ಇಷ್ಟವಾಯಿತು. ತಮ್ಮ ಮನೆಯ ಕಿಟಕಿಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದರು. ಮುಚ್ಚಿಟ್ಟು ಕೊಡುವುದು ಧರ್ಮವಲ್ಲ ಎಂದು ನಾನು ಎಲ್ಲ ವಿವರಿಸಿದೆ. "ನೋಡಿ, ಇವನು ಬಹಳ ಸ್ಟ್ರಿಕ್ಟ್. ಹೊತ್ತು ಹೊತ್ತಿಗೆ ಸರಿಯಾಗಿ ಆಗಬೇಕು, ಸ್ವಚ್ಛತೆ ಬೇಕು, ಉಡಾಫೆ ಸಹಿಸುವುದಿಲ್ಲ."

ಅಜ್ಜನ ಮುಖ ಅರಳಿತು. "ಕೊಡಿ ಕೊಡಿ. ಹೆಂಡತಿ ಹೋದ ಮೇಲೆ ನನಗೆ ಹಾಗೆಲ್ಲ ಹೇಳುವವರೇ ಇಲ್ಲವಾಗಿತ್ತು."

ಪಾದುಕೆ

ಆ ಸಂತೋಷಕ್ಕೆ ಅಜ್ಜ, "ಹಗ್ಗ ಬೇಡ, ನಾನು ಸೈಕಲ್ ಚೈನ್ ಹಾಕಿಕೊಡುತ್ತೇನೆ" ಎಂದರು. ಅಸಲಿ ಗಣಪತಿಯನ್ನು ದೇವರ ಕೋಣೆಗೆ ಕರಕೊಂಡು ಹೋಗಿ, ಶೆಡ್ಡಿನ ಕೀಲಿ ಅಜ್ಜನಿಗೆ ಕೊಟ್ಟು ಆಫೀಸಿಗೆ ಹೋದೆ.

ಸಂಜೆ ಶೆಡ್ಡಿಗೆ ಬಂದು ನೋಡುತ್ತೇನೆ, ದೇವರು ಕೂರುತ್ತಿದ್ದ ಮಣೆಯ ಮೇಲೆ, ಅದೇ ಟ್ಯೂಬಿನಲ್ಲಿ ಬಿಗಿಸಿಕೊಂಡು ಕೂತಿದೆ, ಅಜ್ಜನ ಮರದ ಚಪ್ಪಲಿ! ತೋಟದಲ್ಲಿ ಗೊಬ್ಬರ ಹಾಕುವಾಗ ಮೆಟ್ಟುವಂಥದ್ದು. ಪಕ್ಕದಲ್ಲಿ ಅದರ ಅರ್ಧ ನಕಲು. ಅಜ್ಜ ಹೆಮ್ಮೆಯಿಂದ, "ನೋಡಿ ಬುರ್‌ಮನ್, ಎಡಗಾಲಿನದ್ದು ಎಡಗಾಲಿನದ್ದೇ ಬಂದಿದೆ. ಇನ್ನು ನಿಮ್ಮ ದೇವರಿಗೆ ಭಯವಿಲ್ಲ" ಎಂದರು.

ಹೆಂಡತಿ "ಶಿವ ಶಿವಾ!" ಎಂದು ಗಲ್ಲ ಬಡಿದುಕೊಂಡಳು. ನಾನು ಊರಿನ ಪುರೋಹಿತರಿಗೆ ಫೋನ್ ಮಾಡಿದೆ. ಪ್ರಾಯಶ್ಚಿತ್ತ ಎಂತ, ಹೋಮ ಮಾಡಬೇಕಾ, ಯಂತ್ರವನ್ನೇ ಬಿಚ್ಚಬೇಕಾ?

ಅವರು ಸಾವಧಾನವಾಗಿ ಕೇಳಿದರು. "ಚರ್ಮದ್ದಾ?"

"ಅಲ್ಲ, ಪೂರ್ತಿ ಮರದ್ದು."

"ಹಿರಿಯರದ್ದಾ?"

"ಹೌದು, ಅಜ್ಜನದ್ದು."

"ಮರದ್ದು, ಹಿರಿಯರದ್ದು ಅಂದರೆ ಪಾದುಕೆ ಮಾರಾಯ್ರೆ! ಯಂತ್ರಕ್ಕೆ ನೀರು ಪ್ರೋಕ್ಷಣೆ ಮಾಡಿ, ಪಾದುಕೆಗೆ ಒಂದು ಹೂ ಇಟ್ಟು ಬಿಡಿ."

ಹೆಂಡತಿಗೆ ಜೀವ ಬಂತು. ಚಪ್ಪಲಿಯನ್ನು ತೊಳೆದು, ಅರಸಿನ ಕುಂಕುಮ ಹಚ್ಚಿ, ಟ್ಯುಲಿಪ್ ಸಿಗದ ಕಾಲವಾದ್ದರಿಂದ ಒಂದು ಸೇವಂತಿಗೆ ಇಟ್ಟು, ತಟ್ಟೆಯಲ್ಲಿ ಅಜ್ಜನಿಗೆ ಮರಳಿಸಿದಳು. ಅಜ್ಜ ಆ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಬಲಗಾಲಿನದ್ದನ್ನೂ ತರಲಾ? ಅದಕ್ಕೆ ಬೇಜಾರಾಗುತ್ತದೆ."

ಅಕ್ಷತೆ

ಚೈನ್ ಹಾಕಿದ ಮೇಲೆ ಸೊಂಡಿಲು ಸರಿಯಾಗಿ ಎಡಕ್ಕೇ ಬಂತು. ಆದರೆ ಹೊಸ ಗಣಪತಿಯ ಎಡಮೊಣಕಾಲಿನಲ್ಲಿ ಒಂದು ಸಣ್ಣ ಗುಳ್ಳೆ. ಅಸಲಿಯನ್ನು ತಡವಿ ನೋಡಿದರೆ, ಯಾವುದೋ ಪೂಜೆಯ ಅಕ್ಷತೆಯ ಕಾಳೊಂದು ಗಂಧದಲ್ಲಿ ಅಂಟಿ ಕಲ್ಲಾಗಿದೆ. ಯಂತ್ರ ಅದನ್ನೂ ಭಕ್ತಿಯಿಂದ ಕೆತ್ತಿದೆ. ಉಜ್ಜಿ ತೆಗೆಯೋಣ ಎಂದು ಮರಳುಕಾಗದ ಎತ್ತಿದರೆ ಹೆಂಡತಿ ಕೈ ಹಿಡಿದಳು.

"ದೇವರ ಮೇಲೆ ಬಿದ್ದ ಅಕ್ಷತೆ. ವಿಸರ್ಜನೆಗೆ ಮೊದಲು ತೆಗೆಯುವ ಕ್ರಮ ಇಲ್ಲ."

ಮರದ ಗಣಪತಿಗೆ ವಿಸರ್ಜನೆ ಎಲ್ಲಿಂದ? ಹಾಗಾಗಿ ನಮ್ಮ ಮನೆಯಲ್ಲಿ ವರ್ಷವಿಡೀ ಚೌತಿ.

ಅಸಲಿ ಯಾರಿಗೆ

ಚೌತಿಯ ಹಿಂದಿನ ದಿನ ಭಾವ ಗ್ರೋನಿಂಗನ್‌ನಿಂದ ರೈಲಿನಲ್ಲಿ ಬಂದರು. ಮಣೆಯ ಮೇಲೆ ಇಬ್ಬರು ಗಣಪತಿಗಳು ಅಕ್ಕಪಕ್ಕ. ಹಳಬ ಎಣ್ಣೆ, ಹೊಗೆ ಕುಡಿದು ಕಪ್ಪಾದವನು. ಹೊಸಬ ಬೆಣ್ಣೆಯ ಬಣ್ಣದವನು. ಹೆಂಡತಿ ಬೆಳಿಗ್ಗೆಯಿಂದ ಹಳಬನ ಮುಂದೆ ಕೂತು, "ನಾಳೆ ನೀನಿರುವುದಿಲ್ಲ" ಎಂದು ಮೂಗೆಳೆಯುತ್ತಿದ್ದಳು. ನನಗೆ ಬೇರೆಯೇ ಚಿಂತೆ. ನಕಲು ಎಷ್ಟಾದರೂ ನಕಲೇ ಎಂದು ಅವಳ ಮನಸ್ಸಿಗೆ ಬಂದರೆ ನನ್ನ ಬೇಸಿಗೆಯೆಲ್ಲ ನೀರಿಗೆ ಹೋದ ಹಾಗೆ.

ಭಾವ ಹೊಸಬನನ್ನು ಎತ್ತಿಕೊಂಡರು. ಕೆಳಗಿಡಲೇ ಇಲ್ಲ.

"ತಂಗೀ, ನಾನು ಸಣ್ಣವನಿದ್ದಾಗ ನಮ್ಮ ಗಣಪತಿ ಹೀಗೇ ಇದ್ದ. ಇದೇ ಬಣ್ಣ! ಪಾಪ, ನೀನು ಅಷ್ಟು ಆಸೆ ಪಟ್ಟಿದ್ದಿ. ಅಸಲಿಯನ್ನು ನೀನೇ ಇಟ್ಟುಕೋ. ನಾನು ಇವನನ್ನು ಕರಕೊಂಡು ಹೋಗ್ತೇನೆ."

ಇವಳ ಅಳು ಥಟ್ಟನೆ ನಿಂತಿತು. "ಎಂತ? ಇವರು ಚಳಿಯಲ್ಲಿ ಬರಿಮೈಯಲ್ಲಿ ನಿಂತು ಮಾಡಿದ್ದು ಅದು! ಮುಟ್ಟಬೇಡ. ನಿನ್ನ ಅಸಲಿ ನಿನಗೇ ಇರಲಿ!"

"ಅಲ್ಲ ಮಾರಾಯ್ತಿ, ಇಷ್ಟು ವರ್ಷ ಅಸಲಿ ಅಸಲಿ ಅಂತ ಅತ್ತದ್ದು ಯಾರು?" ಎಂದರು ಭಾವ.

"ಆಗ ಅತ್ತದ್ದು ಆಗಿನದ್ದು!"

ಹೊಸಬನನ್ನು ಇವಳು ಅತ್ತ ಎಳೆಯುತ್ತಾಳೆ, ಅವರು ಇತ್ತ. ನಾನು ನಡುವೆ ನಿಂತು "ಸೊಂಡಿಲು, ಸೊಂಡಿಲು!" ಎಂದು ಕೂಗಿಕೊಂಡೆ. ತೀರ್ಪಿಗೆ ಅಮ್ಮನೇ ಸರಿ ಎಂದು ಮಂಗಳೂರಿನಲ್ಲಿ ಕಿರಿಯ ಮಗಳ ಮನೆಯಲ್ಲಿದ್ದ ಅತ್ತೆಗೆ ವಿಡಿಯೋ ಕಾಲ್ ಹಚ್ಚಿದೆವು. ಫೋನಿನಲ್ಲಿ ಅವರ ಅರ್ಧ ಹಣೆ, ಹಿಂದೆ ತಿರುಗುವ ಫ್ಯಾನು ಕಂಡಿತು. ಇಬ್ಬರೂ ಒಟ್ಟಿಗೆ ದೂರು ಹೇಳಿದರು.

"ಅಮ್ಮಾ, ಅಸಲಿ ಯಾರಿಗೆ ಸೇರಬೇಕು, ನೀನೇ ಹೇಳು!"

ಅತ್ತೆ ಗಾಬರಿಯಾದರು. "ಅಸಲಿಗೆ ಎಂತಾಯ್ತು ಮಕ್ಕಳೇ? ಈಗ ತಾನೆ ದೀಪ ಹಚ್ಚಿ ಬಂದೆನಲ್ಲ, ಸರಿಯಾಗೇ ಇದ್ದ."

ಫೋನು ತಿರುಗಿತು. ದೇವರ ಕೋಣೆಯಲ್ಲಿ, ದಾಸವಾಳ ಮುಡಿದುಕೊಂಡು, ಕರ್ರಗೆ ಹೊಳೆಯುತ್ತಾ ಮೂರನೆಯ ಗಣಪತಿ ಕೂತಿದ್ದ.

"ಇವನಮ್ಮಾ ಅಸಲಿ!" ಎಂದರು ಅತ್ತೆ. "ಅಣ್ಣನಿಗೆ ಕೊಟ್ಟದ್ದು ಆಚಾರಿಯ ಹತ್ತಿರ ಮಾಡಿಸಿ, ಎಣ್ಣೆ ಮಸಿ ಹಚ್ಚಿ ಕಪ್ಪು ಮಾಡಿಸಿದ್ದು. ಮತ್ತೆಂತ, ವಿಮಾನದಲ್ಲಿ ಮಗುವಿನ ಬ್ಯಾಗೇ ಬಿಟ್ಟು ಇಳಿದವನ ಕೈಗೆ ದೇವರನ್ನು ಕೊಡಲಿಕ್ಕುಂಟಾ?"