ನಾಣ್ಯದ ಮೇಲಿನ ಮೂಗು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಮೂಗು.

ಮ್ಯೂಸಿಯಮ್ಮಿನ ಕಾವಲುಗಾರನನ್ನು ಎಲ್ಲರೂ ಮೀಸೆಯಣ್ಣ ಎನ್ನುತ್ತಿದ್ದರು. ಅವನ ಪಾಲಿಗೆ ಬಂದದ್ದು ನಾಣ್ಯಗಳ ಕೋಣೆ. ಪುರಾತನ ರೋಮ್‌ನ ಬೆಳ್ಳಿ ನಾಣ್ಯಗಳು ಗಾಜಿನ ಪೆಟ್ಟಿಗೆಯೊಳಗೆ ನೀಲಿ ಮಖಮಲ್ಲಿನ ಮೇಲೆ ಮಲಗಿದ್ದವು. ಪಕ್ಕದ ಸ್ಟೂಲಿನಲ್ಲಿ ಅವನೂ ಅರ್ಧ ಮಲಗಿರುತ್ತಿದ್ದ. ಕಿಟಕಿಯ ಬಿಸಿಲು ಗಾಜಿನ ಮೇಲೆ ಹರಿದಾಗ, ಎಂದೋ ಸತ್ತ ದೊರೆಗಳೆಲ್ಲ ಒಮ್ಮೆ ಕಣ್ಣು ಪಿಳುಕಿಸಿದಂತೆ ಅನಿಸುತ್ತಿತ್ತು.

ಅಂದು ಟಿಕೆಟ್ ಕೊಡುವ ಅಕ್ಕ ಒಳಗೆ ಬಂದವಳು ಒಂದು ನಾಣ್ಯ ನೋಡಿದಳು, ಅವನ ಮುಖ ನೋಡಿದಳು, ಮತ್ತೆ ನಾಣ್ಯ ನೋಡಿದಳು.

"ಅಯ್ಯೋ ಮೀಸೆಯಣ್ಣ! ಈ ರಾಜ ಥೇಟ್ ನೀವೇ! ಅದೇ ಗಿಣಿಮೂಗು, ಅದೇ ಗಲ್ಲ. ಮೀಸೆ ಒಂದಿಲ್ಲ ಅಷ್ಟೇ."

"ಸುಮ್ನಿರಕ್ಕ, ಬೆಳಬೆಳಿಗ್ಗೆ ತಮಾಷೆ."

ಅವಳು ಹೋದದ್ದೇ ತಡ, ಗಾಜಿನ ಮುಂದೆ ಮುಖ ಓರೆ ಮಾಡಿ ನಿಂತ. ಅವನ ಮೂಗಿನ ನೆರಳು ದೊರೆಯ ಮೂಗಿನ ಮೇಲೆ ಅಚ್ಚೊತ್ತಿದಂತೆ ಕೂತಿತು. ಸ್ಟೂಲಿಗೆ ಮರಳಿ ಕಣ್ಣು ಮುಚ್ಚಿದರೆ ಅಮೃತಶಿಲೆಯ ಮೆಟ್ಟಿಲು, ಬೆಳ್ಳಿ ಬಣ್ಣದ ಕಡಲು, ತನಗಾಗಿ ಕಾದ ಹಡಗು, ಕೈಕಟ್ಟಿ ನಿಂತ ಮಂತ್ರಿಗಳು. ಒಬ್ಬ ಮಂತ್ರಿ ಕೆಮ್ಮಿದ. ಕಣ್ಣು ಬಿಟ್ಟರೆ ಎದುರಿಗೆ ಮ್ಯೂಸಿಯಮ್ಮಿನ ಸಾಹೇಬರು!

"ಏಳ್ಬೇಡಿ, ಹಾಗೇ ಇರಿ! ಅಕ್ಕ ಹೇಳಿದ್ದು ನಿಜಾರೀ. ನಮ್ಮ ಪ್ರದರ್ಶನದ ಪೋಸ್ಟರ್‌ಗೆ ಒಂದ್ಕಡೆ ರಾಜ, ಇನ್ನೊಂದ್ಕಡೆ ನೀವು. ಸಂಜೆ ಫೋಟೋದವರು ಬರ್ತಾರೆ. ಆದ್ರೆ ಆ ಮೀಸೆ..."

"ಸಾರ್, ಇದು ಮದುವೆಗೂ ಮುಂಚಿನ ಮೀಸೆ!"

"ರಾಜ್ಯ ಬೇಕೋ, ಮೀಸೆ ಬೇಕೋ?"

ಊಟದ ಬಿಡುವಿನಲ್ಲಿ ಅವನು ಕನಸಿನಲ್ಲಿ ನಡೆದವನಂತೆ ಮೂಲೆಯ ಕ್ಷೌರದಂಗಡಿಗೆ ಹೋದ. "ಅಣ್ಣಾ, ಇನ್ನೊಂದ್ಸಲ ಯೋಚನೆ ಮಾಡಿ," ಎಂದ ಕ್ಷೌರಿಕ. ದೊರೆ ಯೋಚನೆ ಮಾಡಲಿಲ್ಲ. ಮರಳಿ ಬರುವಾಗ ಮೇಲ್ದುಟಿ, ಪಟ ಇಳಿಸಿದ ಗೋಡೆಯಂತೆ ಬೋಳುಬೋಳಾಗಿ ತಣ್ಣಗಿತ್ತು. ಆದರೇನು, ಟಿಕೆಟ್ ಅಕ್ಕ "ಮಹಾಪ್ರಭು" ಎಂದು ನಡು ಬಗ್ಗಿಸಿದಳು. ತೋಟದ ಮಾಲಿ ಸಲಿಕೆ ಎತ್ತಿ ಸಲಾಮು ಹೊಡೆದ.

ಸಂಜೆ ಫೋಟೋದವರ ಜೊತೆ ನಾಣ್ಯಗಳ ಪಂಡಿತರೂ ಬಂದರು. ಭೂತಗನ್ನಡಿ ಹಿಡಿದು ನಾಣ್ಯ ನೋಡಿದರು, ಆಮೇಲೆ ಅವನನ್ನು.

"ಅದ್ಭುತ! ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಅವನ ಗಲ್ಲ ತಾನಾಗಿ ಮೇಲೆದ್ದಿತು.

"ಆದ್ರೆ ಇದು ದೊರೆ ಅಂದವರು ಯಾರ್ರೀ? ತುರುಬು ಸವೆದುಹೋಗಿದೆ, ಇಲ್ಲಿ ಅಂಚಲ್ಲಿ ಗುರುತಿದೆ ನೋಡಿ. ಇವರು ದೊರೆಯ ತಾಯಿ."

ಫೋಟೋದವರು ಕ್ಯಾಮೆರಾ ಚೀಲಕ್ಕೆ ಹಾಕಿದರು. ಸಾಹೇಬರು "ಹೋಗ್ಲಿ ಬಿಡಿ, ಮೀಸೆ ಬೆಳೆಯುತ್ತೆ" ಎಂದು ನಗು ನುಂಗುತ್ತ ಓಡಿದರು. ಟಿಕೆಟ್ ಅಕ್ಕನೇ ಪಾಪ ಎಂದು ತನ್ನ ಶಾಲು ಕೊಟ್ಟಳು.

ಶಾಲನ್ನು ತಲೆತುಂಬ ಹೊದ್ದು, ಹಿಂದಿನ ಬೀದಿಗಳಲ್ಲೇ ನುಸುಳಿ ಮನೆ ಸೇರುವಷ್ಟರಲ್ಲಿ ಮಬ್ಬುಗತ್ತಲು. ಬಾಗಿಲು ತಟ್ಟಿದ. ಹೆಂಡತಿ ಬಾಗಿಲು ತೆರೆದವಳೇ ಗಡಬಡಿಸಿ ಸೆರಗು ಸರಿಮಾಡಿಕೊಂಡು, ಅವನ ಕೈಯ ಚೀಲ ಇಸಿದುಕೊಂಡಳು.

"ಅಯ್ಯೋ ಅತ್ತೆ! ಬನ್ನಿ, ಬನ್ನಿ. ಬರ್ತೀನಿ ಅಂತ ಒಂದ್ ಮಾತು ಹೇಳಿ ಕಳಿಸ್ಬಾರ್ದಿತ್ತಾ? ನಿಮ್ ಮಗ ಇನ್ನೂ ಬಂದಿಲ್ಲ."