ಬೀರು ಎದ್ದು ನಿಂತ ದಿನ

"ಇವತ್ತು ಸೂರ್ಯ ಮುಳುಗೋದ್ರೊಳಗೆ ಬೀರು ಎದ್ದು ನಿಲ್ಲದಿದ್ರೆ ನಾನು ಕತ್ತರಿ ಹಿಡಿಯೋದೇ ಬಿಡ್ತೀನಿ!" ಎಂದು ಟೈಲರ್ ಘೋಷಿಸಿದ.

ಹೆಂಡತಿ ಚಪ್ಪಲಿ ಮೆಟ್ಟುತ್ತಾ, "ಬಿಟ್ರೂ ನಿಮ್ಮ ಗಿರಾಕಿಗಳಿಗೇನೂ ವ್ಯತ್ಯಾಸ ಗೊತ್ತಾಗಲ್ಲ ಬಿಡಿ," ಎಂದಳು.

ಆ ಬೀರು ಅತ್ತೆಯ ಉಡುಗೊರೆ. ಬಿಡಿ ಹಲಗೆಗಳಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಬಂದದ್ದು ಹಾಗೆಯೇ ನಡುಮನೆಯಲ್ಲಿ ಅಡ್ಡಡ್ಡ ಮಲಗಿ ಕುಂಭಕರ್ಣನಿಗೇ ಪಾಠ ಹೇಳುತ್ತಿತ್ತು. "ಭಾನುವಾರ ಜೋಡಿಸ್ತೀನಿ" ಎಂದಿದ್ದ ಟೈಲರ್. ಯಾವ ಭಾನುವಾರ ಎಂದು ಹೇಳಿರಲಿಲ್ಲ. ಅಷ್ಟರಲ್ಲಿ ಅದರ ಮೇಲೊಂದು ಬಟ್ಟೆ ಹಾಸಿ ಊಟ ಮಾಡುವುದು, ಇಸ್ತ್ರಿ ಹಾಕುವುದು ಎಲ್ಲ ನಡೆದು, ಪೆಟ್ಟಿಗೆ ಮನೆಯವರಲ್ಲಿ ಒಬ್ಬನಾಗಿಬಿಟ್ಟಿತ್ತು.

ತೊಂದರೆಯೆಂದರೆ ಅತ್ತೆಯ ಫೋನು. ದಿನಾ ಬೆಳಿಗ್ಗೆ, "ಅಳಿಯಂದ್ರೆ, ಏನು ಸಮಾಚಾರ? ಬೀರು ಹೇಗಿದೆ?" ಮೊದಲ ಸಲ ಬಾಯಿತಪ್ಪಿ "ನಿಂತಿದೆ ಅತ್ತೆ" ಎಂದುಬಿಟ್ಟ. ಆಮೇಲೆ ಸುಳ್ಳು ಬಳ್ಳಿಯಂತೆ ಹಬ್ಬಿತು. ಒಳಗೆ ಬಟ್ಟೆ ಜೋಡಿಸಿದ್ದಾಯಿತು, ಅದರ ಕನ್ನಡಿಯಲ್ಲೇ ತಲೆ ಬಾಚಿದ್ದಾಯಿತು, ಕಿರ್ ಎಂದ ಬಾಗಿಲಿಗೆ ಎಣ್ಣೆ ಬಿಟ್ಟದ್ದೂ ಆಯಿತು! ಈಗ ಆ ಅತ್ತೆಯೇ ಬರುತ್ತಿದ್ದಾರೆ. ಅಳಿಯನ ಮಾನವೆಲ್ಲ ಹಲಗೆ ಹಲಗೆಯಾಗಿ ಪೆಟ್ಟಿಗೆಯೊಳಗಿತ್ತು.

"ಅಮ್ಮನ್ನ ಕರ್ಕೊಂಡು ಬರ್ತೀನಿ. ದಾರೀಲಿ ತರಕಾರಿ ನೆಪ ಹೇಳಿ ಸ್ವಲ್ಪ ತಡ ಮಾಡ್ತೀನಿ. ಆದ್ರೆ ಸಿಕ್ಕಿಬಿದ್ರೆ ನೀವು ಯಾರೋ, ನಾನು ಯಾರೋ!" ಎಂದು ಹೇಳಿ ಹೆಂಡತಿ ಹೊರಟಳು.

ಟೈಲರ್ ಮೊದಲು ಸೂಜಿಡಬ್ಬಿ ಒಪ್ಪ ಮಾಡಿದ. ಕಿಟಕಿ ಒರೆಸಿದ. ಉಗುರು ಕತ್ತರಿಸಿಕೊಂಡ. ಬೀರು ಒಂದನ್ನು ಬಿಟ್ಟು ಮನೆಯ ಕೆಲಸವೆಲ್ಲ ಮುಗಿಯಿತು ಎನ್ನುವಾಗ ಹೆಂಡತಿಯ ಫೋನು ಬಂತು: "ತರಕಾರಿ ಮುಗೀತು ರೀ!"

ಆಗ ಬಂತು ನೋಡಿ ರೋಷ! ಅಂಗಿ ಹೊಲಿಯುವವನಿಗೆ ಬೀರು ಯಾವ ಲೆಕ್ಕ? ಯಾವ ಉಡುಪೇ ಆಗಲಿ, ಒಳಮೈ ಹೊರಗೆ ಮಾಡಿಕೊಂಡು ಹೊಲಿಯುವುದು ದರ್ಜಿಯ ಧರ್ಮ. ಅದರಂತೆ ಹಲಗೆಗಳ ಒರಟು ಮೈ ಹೊರಗೆ, ಹೊಳೆಯುವ ಮೈ ಒಳಗೆ ಮಾಡಿ, ನಡುವೆ ತಾನು ನಿಂತು ಸ್ಕ್ರೂ ಬಿಗಿಯುತ್ತಾ ಹೋದ. ಬೆನ್ನು, ಪಕ್ಕ, ನೆತ್ತಿ. ಕೊನೆಗೆ ಗುಂಡಿ ಹಾಕುವ ಶ್ರದ್ಧೆಯಿಂದ ಎರಡು ಬಾಗಿಲು. ಆಹಾ, ಎಂಥ ಕೈಚಳಕ ಎಂದುಕೊಳ್ಳುವಷ್ಟರಲ್ಲಿ ಸುತ್ತ ಕತ್ತಲಾಗಿತ್ತು.

ಹೊಲಿದ ಅಂಗಿಯನ್ನು ಮಗುಚಬಹುದು. ಬೀರುವನ್ನು ಮಗುಚುವುದು ಹೇಗೆ? ಹಿಡಿ ಒಳಗಿತ್ತು, ಕನ್ನಡಿ ಒಳಗಿತ್ತು, ಟೈಲರೂ ಒಳಗಿದ್ದ. ಬಾಗಿಲು ತೆರೆಯಬೇಕಾದರೆ ಒಳಮುಖವಾಗಿಯೇ ತೆರೆಯಬೇಕು. ಅದಕ್ಕೆ ಅವನ ಹೊಟ್ಟೆ ದಾರಿ ಬಿಡಬೇಕು. ಹೊಟ್ಟೆ ಒಪ್ಪಲಿಲ್ಲ. ಸ್ಕ್ರೂ ಬಿಚ್ಚೋಣವೆಂದರೆ ಹೊರಬಾಗಿಲಲ್ಲಿ ಅತ್ತೆಯ ದನಿ! ಬಿಚ್ಚಿದರೆ ಬೀರು ಬೀಳುತ್ತದೆ, ಬೀರುವಿನ ಜೊತೆ ಮಾನವೂ ಬೀಳುತ್ತದೆ. ಟೈಲರ್ ಉಸಿರು ಬಿಗಿಹಿಡಿದು ನಿಂತ.

"ಅಬ್ಬಬ್ಬಾ, ನಿಜವಾಗ್ಲೂ ನಿಂತಿದೆಯಲ್ಲೇ!" ಎಂದರು ಅತ್ತೆ. "ಅಳಿಯಂದ್ರು ಎಲ್ಲಿ?"

"ಅಂಗಡಿಗೆ ಹೋಗಿರ್ಬೇಕಮ್ಮ." ಹೆಂಡತಿಯ ದನಿಯಲ್ಲೂ ಬೆರಗಿತ್ತು.

"ಇದೇನೇ, ಹಿಡಿ ಇಲ್ಲ, ಕನ್ನಡಿ ಇಲ್ಲ! ಇದಕ್ಕೆ ಮುಖ ಯಾವ ಕಡೆ?"

ಅತ್ತೆ ಟಕಟಕ ತಟ್ಟಿದರು. ಮರದ ಪುಡಿ ಸೀದಾ ಟೈಲರನ ಮೂಗಿಗಿಳಿಯಿತು. ತಡೆದ, ಮತ್ತೂ ತಡೆದ... "ಆಕ್ಷೀ!"

"ಅಯ್ಯೋ, ಬೀರು ಸೀನ್ತು!"

"ರೀ..." ಎಂದಳು ಹೆಂಡತಿ, ಬಹಳ ನಿಧಾನವಾಗಿ.

ಇನ್ನೇನು ದಾರಿ? "ಅತ್ತೆ, ಚೆನ್ನಾಗಿದ್ದೀರಾ? ಪ್ರಯಾಣ ಸುಖವಾಯ್ತಾ?" ಎಂದು ಬೀರು ವಿಚಾರಿಸಿತು.

ಒಳಗಿನಿಂದಲೇ ಸ್ಕ್ರೂಗಳು ಬಿಚ್ಚಿಕೊಂಡವು. ಹಲಗೆಗಳು ದಡದಡನೆ ನಾಲ್ಕು ದಿಕ್ಕಿಗೆ ಒರಗಿದವು. ನಡುವೆ ಟೈಲರ್, ಸಿಪ್ಪೆ ಸುಲಿದ ಬಾಳೆಹಣ್ಣಿನಂತೆ.

"ತಪ್ಪಾಯ್ತು ಅತ್ತೆ. ಫೋನಲ್ಲಿ ಹೇಳಿದ್ದೆಲ್ಲ ಸುಳ್ಳು."

ಅತ್ತೆ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೋಗ್ಲಿ ಬಿಡಿ, ಅರೆಗಳಿಗೆಯಾದ್ರೂ ನಿಲ್ಲಿಸಿದ್ರಲ್ಲ! ಈ ಪೆಟ್ಟಿಗೆ ನಮ್ಮನೇಲೂ ವರ್ಷಗಟ್ಟಲೆ ಮಲಗಿತ್ತು. ನಿಮ್ಮ ಮಾವನ ಕೈಲಿ ಆಗಲಿಲ್ಲ ಅಂತಲೇ ನಿಮಗೆ ಕೊಟ್ಟಿದ್ದು. ಇದು ನಿಂತಿದ್ದನ್ನ ನಾನೂ ಇವತ್ತೇ ನೋಡಿದ್ದು."

ಟೈಲರನಿಗೆ ಹೋದ ಜೀವ ಬಂದಂತಾಯಿತು. ಮಾವನನ್ನೇ ಮೀರಿಸಿದ ಅಳಿಯ! ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದ. ಅವಳು ಯಾಕೋ ಕಿಟಕಿಯಾಚೆ ನೋಡುತ್ತಿದ್ದಳು.

"ನಿಮ್ಮ ಸಮಾಚಾರ ನಂಬಿಕೊಂಡು ಕೆಳಗೆ ಗಾಡೀಲಿ ಇನ್ನೊಂದು ಪೆಟ್ಟಿಗೆ ತಂದಿದ್ದೀನಿ, ಮಂಚದ್ದು," ಎಂದರು ಅತ್ತೆ. "ಹೆದರ್ಬೇಡಿ ಅಳಿಯಂದ್ರೆ, ಅದಕ್ಕೆ ಬಾಗಿಲಿರಲ್ಲ!"