ಸೊನ್ನೆಯ ಮುಂದಿನ ಮೈನಸ್ಸು

ಇಷ್ಟು ರಾದ್ಧಾಂತಕ್ಕೆಲ್ಲ ಕಾರಣ ಒಂದೇ ಒಂದು ಅಡ್ಡಗೀಟು. ಅದೂ ಸೊನ್ನೆಯ ಮುಂದೆ.

ಸಿಬ್ಬಂದಿಯ ಹಾಜರಿ, ರಜೆ ನೋಡಿಕೊಳ್ಳುವ ಹೊಸ ಪ್ರೋಗ್ರಾಮನ್ನು ನಾಲ್ಕು ತರದ ಕಂಪ್ಯೂಟರುಗಳಲ್ಲಿ ಓಡಿಸಿ, ಬಂದ ಉತ್ತರಗಳನ್ನು ಸರಿಯುತ್ತರದ ಪಟ್ಟಿಯೊಂದಿಗೆ ತಾಳೆ ನೋಡುವುದು ಭಾವನ ಕೆಲಸ. ಮದುವೆಮನೆಯ ಭಾವನ ಹಾಗೆ ಎಲ್ಲಿ ಕೂತರೂ ತಪ್ಪು ಹುಡುಕುತ್ತಾನೆಂದು ಆಫೀಸಿನವರೇ ಅವನಿಗೆ ಭಾವ ಎಂದು ಹೆಸರಿಟ್ಟಿದ್ದರು. ಆ ದಿನ ಮೂರು ಕಂಪ್ಯೂಟರುಗಳು ಪೂರ್ತಿ ಹಸಿರು ತೋರಿಸಿದವು. ಮೂಲೆಯಲ್ಲಿದ್ದ ಹಳೇದು ಮಾತ್ರ ಕೆಂಪು. ಉಳಿದವು ಸೊನ್ನೆ ಎಂದ ಕಡೆ ಇದು ಮೈನಸ್ ಸೊನ್ನೆ ಎನ್ನುತ್ತಿತ್ತು.

ಸಂಜೆ ಆರಕ್ಕೆ ರೈಲು. ಎಲ್ಲ ಹಸಿರಾದರೆ ಮಾತ್ರ ಹತ್ತು ದಿನ ರಜೆ ಎಂದು ಮ್ಯಾನೇಜರು ಷರತ್ತು ಹಾಕಿದ್ದರು. ಅಷ್ಟರಲ್ಲಿ ಹೆಂಡತಿಯ ಫೋನು.

"ಹೋದ ವರ್ಷವೂ ಸಮುದ್ರ ತೋರಿಸ್ತೀನಿ ಅಂದು ಮಹಡಿ ಮೇಲಿನ ನೀರಿನ ಟ್ಯಾಂಕ್ ತೋರಿಸಿದ್ರಿ. ಈ ಸಲ ನೀವು ಬರದಿದ್ರೂ ನಾನು, ಮಕ್ಕಳು ಹೊರಡೋದೇ."

ಸುದ್ದಿ ತಿಳಿದು ಸಹೋದ್ಯೋಗಿಗಳು ಮುತ್ತಿಕೊಂಡರು. "ಏನೂ ಇಲ್ಲದ್ದಕ್ಕಿಂತ ಕಡಿಮೆ ಅಂದ್ರೆ ಎಷ್ಟು ಭಾವ?" ಎಂದ ಪಕ್ಕದ ಮೇಜಿನ ಪ್ರೋಗ್ರಾಮರು. ನೆಟ್‌ವರ್ಕಿನವನು ಕೇಳದೆಯೇ ಪ್ಲಗ್ ಕಿತ್ತು ಮತ್ತೆ ಹಾಕಿದ. ಅರ್ಧ ಗಂಟೆಯ ಪರೀಕ್ಷೆ ಮೊದಲಿಂದ ಶುರುವಾಯಿತು. ಕನಿಕರಪಟ್ಟ ಪ್ರೋಗ್ರಾಮರು ಪ್ರೋಗ್ರಾಮಿನಿಂದ ಮೈನಸ್ ಗುರುತನ್ನೇ ಕಿತ್ತುಹಾಕಿದ. ಕಳೆಯುವ ಲೆಕ್ಕವೆಲ್ಲ ಕೆಟ್ಟು ಒಳ್ಳೆಯ ಮೂರು ಕಂಪ್ಯೂಟರುಗಳೂ ಕೆಂಪಾದವು.

"ನಿಮ್ಮ ದಮ್ಮಯ್ಯ, ಇನ್ನು ಯಾರೂ ಸಹಾಯ ಮಾಡ್ಬೇಡಿ," ಎಂದು ಭಾವ ಕೈಮುಗಿದ. ಪ್ರೋಗ್ರಾಮರು ಮಾಡಿದ್ದನ್ನೆಲ್ಲ ಅಳಿಸಿ ಒಬ್ಬನೇ ಕೂತ. ಸೊನ್ನೆಯ ಮುಂದೆ ಏನಿದ್ದರೇನು, ಸೊನ್ನೆ ಸೊನ್ನೆಯೇ ತಾನೆ? ಅದು ಆ ಕಂಪ್ಯೂಟರಿನ ಚಾಳಿ, ಅಷ್ಟೇ. ಹಳೆಯದಕ್ಕೆಂದೇ ಬೇರೊಂದು ಸರಿಯುತ್ತರದ ಪಟ್ಟಿ ಮಾಡಿದ. "ಈ ಕಂಪ್ಯೂಟರಿನಲ್ಲಿ ಮೈನಸ್ ಸೊನ್ನೆಯೇ ಸರಿ" ಎಂದು ಅದರ ಹಾಳೆಯ ಮೇಲೆ ಬರೆದು ಸಹಿ ಹಾಕಿ, ಪರೀಕ್ಷೆ ಓಡಿಸಿದ.

ನಾಲ್ಕೂ ಹಸಿರು.

ಇಡೀ ಮಹಡಿ ಚಪ್ಪಾಳೆ ತಟ್ಟಿತು. ಮ್ಯಾನೇಜರು ಓಡಿಬಂದು ಕೈಕುಲುಕಿದರು. "ಭಲೇ ಕಣ್ರೀ. ಮೊದಲು ನಮ್ಮ ಆಫೀಸಿಗೇ ಹಾಕಿಬಿಡೋಣ," ಎಂದು ಆಗಲೇ ಪ್ರೋಗ್ರಾಮನ್ನು ಚಾಲೂ ಮಾಡಿಸಿ, ರಜೆ ಅರ್ಜಿಗೂ ಸಹಿ ಹಾಕಿದರು. ಭಾವನಿಗೆ ನೆಲವೇ ಕಾಣಲಿಲ್ಲ. ಹೊರಟೆ ಎಂದು ಹೆಂಡತಿಗೆ ಫೋನು ಮಾಡಿ, ಶಿಳ್ಳೆ ಹಾಕುತ್ತ ರಜೆ ವಿಭಾಗಕ್ಕೆ ಇಳಿದ.

ಅಲ್ಲಿನ ಗುಮಾಸ್ತೆ ನಿಧಾನವಾಗಿ ಹತ್ತು ದಿನ ಎಂದು ಒತ್ತಿದರು. ಅವರ ಮುಂದಿದ್ದದ್ದೂ ಅದೇ ಹಳೆಯ ತರದ ಕಂಪ್ಯೂಟರು.

"ನಿಮ್ಮ ಬಾಕಿ ರಜೆ ಮೈನಸ್ ಬರ್ತಿದೆಯಲ್ಲ. ಮೈನಸ್ ಬಂದ್ರೆ ಅರ್ಜಿ ವಜಾ."

"ಮೇಡಂ, ನನಗಿರೋ ಹತ್ತರಲ್ಲಿ ಹತ್ತು ಕಳೆದ್ರೆ ಸೊನ್ನೆ ತಾನೆ? ಬೇಕಾದ್ರೆ ಒಂಬತ್ತೇ ಹಾಕಿ."

"ವಜಾ ಆದ್ಮೇಲೆ ಮೂರು ದಿನ ಬಿಟ್ಟೇ ಹಾಕ್ಬೇಕು."

"ಅಯ್ಯೋ, ಅದು ಕಂಪ್ಯೂಟರಿನ ತಪ್ಪು ಮೇಡಂ."

"ತಪ್ಪಾ?" ಗುಮಾಸ್ತೆ ಕನ್ನಡಕ ಏರಿಸಿ, ಪ್ರೋಗ್ರಾಮಿನ ಜೊತೆ ಈಗಷ್ಟೇ ಬಂದ ಹಾಳೆಯನ್ನು ಅವನತ್ತ ತಿರುಗಿಸಿದರು. "ಈ ಕಂಪ್ಯೂಟರಿನಲ್ಲಿ ಇದೇ ಸರಿ ಅಂತ ಬರೆದಿದೆಯಲ್ಲ. ಕೆಳಗೆ ಸಹಿ ಯಾರದು, ಸ್ವಲ್ಪ ಓದಿ ಹೇಳಿ."